ಹದಿನಾರರ ಮಗಳಿಗೆ ತುರ್ತಾಗಿ ಮನೋವೈದ್ಯರ ನೆರವು ಬೇಕಾಗಿದೆ: ಮೊದಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ

ನಾವು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಕೃಷಿಕರು. ಪ್ರಥಮ ಪಿಯುಸಿ ಓದುತ್ತಿರುವ ಮಗಳು ಕೆಲವು ವಾರಗಳಿಂದ ಸರಿಯಾಗಿ ಊಟ, ನಿದ್ರೆ ಮಾಡುತ್ತಿಲ್ಲ. ನಿನ್ನೆ ರಾತ್ರಿ ‘ನಾನು ಇಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಎಂದು ತಾಯಿಯ ಮುಂದೆ ಅತ್ತಿದ್ದಾಳೆ. ಆಸ್ಪತ್ರೆಗೆ ಹೋದರೆ ಪೊಲೀಸ್ ಪ್ರಕರಣವಾಗುತ್ತದೆ, ಅವಳನ್ನು ನಮ್ಮಿಂದ ದೂರವಿಟ್ಟು ದಾಖಲಿಸಿಕೊಳ್ಳುತ್ತಾರೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಏನು ಮಾಡಬೇಕು?

ಉತ್ತರ 1 (ನಿವೃತ್ತ ಶುಶ್ರೂಷಕಿ)

ಈ ಮಾತನ್ನು ಹಟವೆಂದು ತಳ್ಳಿಹಾಕಬೇಡಿ. ಇಂದೇ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಹಗಲಿರುಳೂ ಉಚಿತವಾಗಿದ್ದು ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ನಾಳೆಯೇ ಹೊರಡಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಆದರೆ ಇಂಥ ಸ್ಥಿತಿಯಲ್ಲಿ ಮಂಗಳವಾರಕ್ಕಾಗಿ ಕಾಯುವುದು ಸರಿಯಲ್ಲ. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆಂದು ತಂದಿಟ್ಟ ಕೀಟನಾಶಕ, ಕಳೆನಾಶಕಗಳನ್ನೂ ಅಜ್ಜ-ಅಜ್ಜಿಯ ಮಾತ್ರೆಗಳನ್ನೂ ಮನೆಯಿಂದಲೇ ಹೊರಗೆ ಸಾಗಿಸಿ. ನಮ್ಮ ಕಡೆಯ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದೇ. ‘ಸಾಯಬೇಕು ಅನ್ನಿಸುತ್ತಿದೆಯೇನಮ್ಮಾ?’ ಎಂದು ತಾಯಿ ನೇರವಾಗಿ ಕೇಳಬಹುದು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಅಪಾಯ ಕಣ್ಣೆದುರಿಗೇ ಇದ್ದರೆ 108ಕ್ಕೆ ಕರೆ ಮಾಡಿ.

ಉತ್ತರ 2 (ವಕೀಲರು)

ನೋವನ್ನು ಹೇಳಿಕೊಳ್ಳುವುದು ಅಪರಾಧವೇ ಅಲ್ಲ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ಕೂಡ ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ. ಅದೇ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರನ್ನು ದಾಖಲಿಸಿಕೊಳ್ಳುವುದು ಅಪರೂಪದ ಸಂದರ್ಭಗಳಲ್ಲಿ ಮಾತ್ರ. ಆಗಲೂ ವಯಸ್ಕ ರೋಗಿಗಳಿಂದ ಬೇರೆಯಾಗಿಯೇ ಇರಿಸಬೇಕು ಮತ್ತು ಪೋಷಕರು, ಅಥವಾ ಕಾಯ್ದೆಯಂತೆ ಮಗಳ ಪರವಾಗಿರುವ ಪ್ರತಿನಿಧಿ ತಂದೆಯಾಗಿದ್ದರೆ ಅವರು ನೇಮಿಸಿದ ಮಹಿಳೆ, ಅಷ್ಟೂ ದಿನ ಮಗಳೊಂದಿಗೆ ಇರಬೇಕು. ನೆಂಟರ ಮಾತಿಗೆ ಆಧಾರವಿಲ್ಲ.

ಉತ್ತರ 3 (ಒಬ್ಬ ತಾಯಿ)

ನನ್ನ ಮಗನೂ ಇದೇ ವಯಸ್ಸಿನಲ್ಲಿ ಚಿಕಿತ್ಸೆ ಪಡೆದಿದ್ದಾನೆ. ವೈದ್ಯರ ಬಳಿ ಸ್ವಲ್ಪ ಹೊತ್ತು ಅವಳೊಬ್ಬಳೇ ಮಾತನಾಡಲು ಬಿಡಿ. ನನ್ನ ಮಗ ಕಾಲೇಜಿನ ವಿಷಯವನ್ನು ಬಾಯಿಬಿಟ್ಟದ್ದು ನಾನು ಹೊರಗೆ ಬಂದ ಮೇಲೆಯೇ. ಖಿನ್ನತೆಯ ಮಾತ್ರೆ ಕೊಟ್ಟರೆ ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು. ಆರಂಭದ ಆ ವಾರಗಳಲ್ಲಿ ಚಡಪಡಿಕೆ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕೇ ಹೊರತು ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು. ಹಿರಿಯರು ದೇವಸ್ಥಾನಕ್ಕೆ ಹೋಗೋಣವೆಂದರೆ ಹೋಗಿಬನ್ನಿ, ಆದರೆ ಆಸ್ಪತ್ರೆಗೆ ಹೋಗಿಬಂದ ಮೇಲೆ.