‘ದಿ ಡೆತ್ ಆಫ್ ಸ್ಟಾಲಿನ್’ ಮನೆಮಂದಿ ಜೊತೆ ಕೂತು ನೋಡಬಹುದಾ?

ಕರಿಮೆಣಸು, ಸೋಮವಾರಪೇಟೆ:
ಮಳೆ ಹಿಡಿದು ತೋಟದ ಕೆಲಸ ನಿಂತಿದೆ, ಸಂಜೆಯಾದರೆ ಎಲ್ಲರೂ ಟಿವಿ ಮುಂದೆ. ನಮ್ಮ ಮಾವ ಸುಬೇದಾರ್ ಆಗಿ ರಿಟೈರ್ ಆದವರು, ಮಿಲಿಟರಿ, ರಾಜಕೀಯ ಇರೋ ಸಿನಿಮಾ ಅಂದರೆ ಊಟ ಮರೆಯುತ್ತಾರೆ. 2017ರ ಈ ಸಿನಿಮಾ ಹಾಕಿ, ಬಿದ್ದು ಬಿದ್ದು ನಗ್ತೀರಿ ಅಂತ ಯಾರೋ ಹೇಳಿದರು. ಅಷ್ಟು ಜನರನ್ನು ಕೊಲ್ಲಿಸಿದವನ ಸಾವಿನಲ್ಲಿ ನಗೋದಕ್ಕೆ ಏನಿದೆ? ನಡೆದದ್ದಾ, ಸುಮ್ನೆ ಕಟ್ಟಿದ್ದಾ? ಮಕ್ಕಳು ಪಕ್ಕದಲ್ಲಿ ಇರಬಹುದಾ?

ಕೊಡೆ ಮರೆತವಳು, ವಿರಾಜಪೇಟೆ:
ಮಕ್ಕಳು ಬೇಡ. ಬೈಗುಳ ವಿಪರೀತ, ಗುಂಡು ಹೊಡೆಯುವುದೂ ಇದೆ.

ನಗು ಬರುವುದು ಸ್ಟಾಲಿನ್ ಸುತ್ತ ಇದ್ದ ನಾಯಕರ ಹೆದರಿಕೆ ನೋಡಿ. ಕ್ರುಶ್ಚೇವ್ (ಸ್ಟೀವ್ ಬುಸೆಮಿ) ರಾತ್ರಿ ಪಾರ್ಟಿ ಮುಗಿಸಿ ಮನೆಗೆ ಬಂದು, ಯಾವ ಜೋಕಿಗೆ ಸ್ಟಾಲಿನ್ ನಕ್ಕ, ಯಾವುದಕ್ಕೆ ನಗಲಿಲ್ಲ ಅಂತ ಹೆಂಡತಿ ಕೈಲಿ ಬರೆಸುತ್ತಾನೆ. ಇನ್ನೊಂದು ಸಲ ತಪ್ಪಬಾರದಲ್ಲ! ಸ್ಟಾಲಿನ್ ಬಿದ್ದ ಸುದ್ದಿ ಬಂದಾಗ ಪೈಜಾಮದ ಮೇಲೇ ಕೋಟು ಏರಿಸಿಕೊಂಡು ಓಡುತ್ತಾನೆ. ಆಮೇಲೆ ಮೊಲೊಟೊವ್ (ಮೈಕಲ್ ಪೇಲಿನ್) ಮೀಟಿಂಗಲ್ಲಿ ಮಾತಾಡುವ ಜಾಗ. ಅವನ ಮಾತು ಒಂದು ಕಡೆ ವಾಲಿದರೆ ಮಿಕ್ಕವರ ಕೈ ಮೇಲೇಳುತ್ತೆ, ‘ಆದರೆ’ ಅಂದ ತಕ್ಷಣ ಇಳಿಯುತ್ತೆ, ಮತ್ತೆ ಅರ್ಧ ಏಳುತ್ತೆ. ಹೆಂಡತಿಯನ್ನೇ ಸ್ಟಾಲಿನ್ ಕಾಲದಲ್ಲಿ ಹಿಡಿದು ಹಾಕಿದ್ದರೂ ಮೊಲೊಟೊವ್ ಮಾತ್ರ ಅವನ ಭಕ್ತ. ಅದು ಸಿನಿಮಾದವರು ಸೇರಿಸಿದ್ದಲ್ಲ.

ಹಳೇ ಮೇಷ್ಟ್ರು, ಮಡಿಕೇರಿ:
ಬುಡ ನಿಜ. 1953ರ ಮಾರ್ಚ್ 1ರಂದು ಸ್ಟಾಲಿನ್ ಇಡೀ ದಿನ ಕೋಣೆಯಿಂದ ಹೊರಗೆ ಬರಲಿಲ್ಲ, ಕರೆಯದೆ ಒಳಗೆ ಹೋಗುವ ಧೈರ್ಯ ಕಾವಲಿನವರಿಗಿಲ್ಲ. ರಾತ್ರಿ ಹೋಗಿ ನೋಡಿದರೆ ನೆಲದ ಮೇಲೆ ಬಿದ್ದಿದ್ದಾನೆ, ಬಟ್ಟೆ ಒದ್ದೆ, ಮಾತಿಲ್ಲ. ಡಾಕ್ಟರು ಬಂದದ್ದು ಮಾರನೇ ಬೆಳಿಗ್ಗೆ! ಹೆಸರಾಂತ ಡಾಕ್ಟರುಗಳಲ್ಲಿ ಎಷ್ಟೋ ಜನ ಆಗ ಜೈಲಲ್ಲಿದ್ದರು, ನಾಯಕರನ್ನು ಕೊಲ್ಲಲು ಸಂಚು ಮಾಡಿದರು ಅಂತ ಕೇಸು. 5ನೇ ತಾರೀಕು ಸತ್ತ. ಡೈರೆಕ್ಟರ್ ಅರ್ಮಾಂಡೊ ಇಯನೂಚಿ ಕಾಮಿಡಿ ಹುಡುಕಿಕೊಂಡು ಹೋಗಬೇಕಾಗೇ ಇರಲಿಲ್ಲ.

ತಾರೀಕುಗಳನ್ನು ಮಾತ್ರ ನಂಬಬೇಡಿ. ಸ್ಟಾಲಿನ್ ಕಾಲದ ರಹಸ್ಯ ಪೊಲೀಸ್ ಮುಖ್ಯಸ್ಥ ಬೇರಿಯಾನನ್ನು ಹಿಡಿದದ್ದು ಜೂನ್ 26ಕ್ಕೆ, ಕೊಂದದ್ದು ಡಿಸೆಂಬರ್ 23ಕ್ಕೆ. ಸಿನಿಮಾದಲ್ಲಿ ಸ್ಟಾಲಿನ್ ತಿಥಿ ಮುಗಿಯೋದರೊಳಗೆ ಇವನ ಕಥೆಯೂ ಮುಗಿಯುತ್ತೆ. ಶುರುವಿನಲ್ಲಿ ಸ್ಟಾಲಿನ್ ರೆಕಾರ್ಡಿಂಗ್ ಕೇಳಿದ ಅಂತ ರಾತ್ರೋರಾತ್ರಿ ಸಂಗೀತಗಾರರನ್ನು ಕೂರಿಸಿ ಮತ್ತೆ ನುಡಿಸುತ್ತಾರಲ್ಲ, ಅದು ಬಾಯಿಂದ ಬಾಯಿಗೆ ಬಂದ ಕಥೆ, ಹೇಳುವವರೂ 1944ರದ್ದು ಅನ್ನುತ್ತಾರೆ.

ಅಂದಹಾಗೆ ಸ್ಟಾಲಿನ್ ಸಾಯುವಾಗ ನಮ್ಮ ಕೊಡಗು ಬೇರೆ ರಾಜ್ಯ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, 24 ಸೀಟಿನ ವಿಧಾನಸಭೆ. ಅದರ ಮೇಲೆ ಯಾರಾದರೂ ಒಂದು ಕಾಮಿಡಿ ಮಾಡಿದರೆ ಮೊದಲ ಟಿಕೆಟ್ ನನ್ನದು.

ಪಂದಿಕರಿ ಫ್ಯಾನ್, ಗೋಣಿಕೊಪ್ಪ:
ಸೇನೆಯ ಮಾರ್ಷಲ್ ಝುಕೋವ್ (ಜೇಸನ್ ಐಸಾಕ್ಸ್) ಬರುವ ತನಕ ಸುಬೇದಾರ್ ಸಾಹೇಬರನ್ನು ಹೇಗಾದರೂ ಕೂರಿಸಿ. ಬಂದವನೇ ಮೇಲಿನ ಕೋಟು ಜಾಡಿಸಿ ಎಸೆಯುತ್ತಾನೆ, ಒಳಗೆ ಎದೆ ತುಂಬ ಮೆಡಲ್. ಈ ಸಿನಿಮಾದಲ್ಲಿ ರಷ್ಯನ್ನರ ತರ ಯಾರೂ ಮಾತಾಡಲ್ಲ, ಐಸಾಕ್ಸಂತೂ ಗಡಸು ಯಾರ್ಕ್‌ಶೈರ್ ಇಂಗ್ಲಿಷಲ್ಲೇ ಎಲ್ಲರನ್ನೂ ಝಾಡಿಸುತ್ತಾನೆ. ಬೇರಿಯಾನನ್ನು ಹಿಡಿಯುವಾಗ ಝುಕೋವ್ ನಿಜಕ್ಕೂ ಇದ್ದ. ಆದರೆ ಬೇರಿಯಾನ ಆ ಕೊನೆಯ ವಿಚಾರಣೆ ನೋಡುವಾಗ ನನಗೆ ನಗು ಬರಲಿಲ್ಲ. ಅವನ ಪಾಪದ ಪಟ್ಟಿ ಓದುವವರೇನು ಸಾಚಾಗಳಾ?

ರಷ್ಯಾದಲ್ಲಿ 2018ರ ಜನವರಿಯಲ್ಲಿ ಬಿಡುಗಡೆಗೆ ಎರಡು ದಿನ ಇದ್ದಾಗ ಪರವಾನಗಿ ವಾಪಸ್ ತೆಗೆದುಕೊಂಡರು.

ಕರಿಮೆಣಸು, ಸೋಮವಾರಪೇಟೆ:
ಸರಿ, ಮಕ್ಕಳನ್ನು ಮಲಗಿಸಿ ಹಾಕುತ್ತೇನೆ. ಯಾರ್ಕ್‌ಶೈರ್ ಇಂಗ್ಲಿಷ್ ಮಾವನಿಗೆ ಹಿಡಿಯೋದು ಕಷ್ಟ, ಸಬ್‌ಟೈಟಲ್ ಬೇಕೇ ಬೇಕು. ಕರೆಂಟ್ ಇದ್ದರೆ ಶನಿವಾರ.

ಕೊಡೆ ಮರೆತವಳು, ವಿರಾಜಪೇಟೆ:
ಈ ಮಳೆಯಲ್ಲಿ ಕರೆಂಟ್ ನಂಬಿ ಕೂರಬೇಡಿ. ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಹಗಲೇ ಚಾರ್ಜ್‌ಗೆ ಹಾಕಿ, ಒಂದು ಮುಕ್ಕಾಲು ಗಂಟೆ ಚಿಲ್ಲರೆ ಇದೆ ಅಷ್ಟೇ.