ಬ್ರಾಪ್ ಬ್ರಾಪ್ ಕಾರಿಗೆ ಎಷ್ಟು ದೊಡ್ಡ ತೂತು?

ಮೆಲ್ಬರ್ನಿನ ಪಶ್ಚಿಮಕ್ಕೆ ಟಾರ್ನೀಟ್‌ನಲ್ಲಿ ಸೀನನ ಮನೆ ಗರಾಜು. ಭಾನುವಾರ ಸಂಜೆ. ಹಳೇ ಊಟದ ಮೇಜಿನ ಮೇಲೆ 1984ರ ಮಾಜ್ದಾ ಆರ್‌ಎಕ್ಸ್-7ರ ಇಂಜಿನ್ನು ಬಿಡಿಬಿಡಿಯಾಗಿ ಮಲಗಿದೆ. 12ಎ ರೋಟರಿ, ಅಂದ್ರೆ ಪಿಸ್ಟನ್ ಬದಲು ಮೂರು ಮೂಲೆಯ ರೋಟರು ಸುತ್ತೋ ಇಂಜಿನ್ನು; ಎರಡು ರೋಟರು ಸೇರಿ 1146 ಸಿಸಿ. ಪಕ್ಕದಲ್ಲೇ ಒಗ್ಗರಣೆ ಅವಲಕ್ಕಿ ತಟ್ಟೆ. ಎರಡರಲ್ಲಿ ಯಾವುದಕ್ಕೆ ಎಣ್ಣೆ ಜಾಸ್ತಿ ಅಂತ ಹೇಳೋದು ಕಷ್ಟ.

"ಬ್ರಿಡ್ಜ್ ಪೋರ್ಟೇ ಮಾಡಿಸೋದು," ಅಂದ ಸೀನ. ಪೋರ್ಟು ಅಂದ್ರೆ ಇಂಜಿನ್ನಿಗೆ ಗಾಳಿ-ಪೆಟ್ರೋಲು ಬರೋ, ಹೊಗೆ ಹೋಗೋ ತೂತು; ಅದನ್ನ ಕೊರೆದು ಹಿಗ್ಗಿಸೋದೇ ಪೋರ್ಟ್ ಮಾಡಿಸೋದು.

"ಯಾಕಪ್ಪಾ?"

"ಸೌಂಡು ಕಣೋ! ಸಿಗ್ನಲ್ಲಲ್ಲಿ ನಿಂತ್ರೆ ಬ್ರಾಪ್, ಬ್ರಾಪ್, ಬ್ರಾಪ್..."

"ನಮ್ಮ ತಾತನ ಗೊರಕೇನೂ ಹಂಗೇ ಇತ್ತು," ಅಂದ ಮಂಜ. "ಅದಕ್ಕೆ ನಾವ್ಯಾರೂ ದುಡ್ಡು ಕೊಟ್ಟಿರ್ಲಿಲ್ಲ."

ಮಂಜ ಮೈಸೂರಿನವನು. ಆರ್‌ಎಕ್ಸ್ ಅನ್ನೋ ಎರಡಕ್ಷರ ಕಿವಿಗೆ ಬಿದ್ರೆ ಸಾಕು, ಕಾಲೇಜಿನ ಕಥೆ ಶುರು.

"ನಾನೂ ಆರ್‌ಎಕ್ಸ್ ಹಂಡ್ರೆಡ್ ಬೈಕಿಗೆ ಪೋರ್ಟ್ ಮಾಡಿಸಿದೋನೇ. ಮೆಕ್ಯಾನಿಕ್ ಮಹಾಶಯ ಎಕ್ಸಾಸ್ಟ್ ಪೋರ್ಟನ್ನ ಮೇಲಕ್ಕೆ ಉಜ್ಜಿದ ನೋಡು, ಆರು ಸಾವಿರ ಆರ್‌ಪಿಎಂ ಕೆಳಗೆ ಗಾಡಿ ಹೆಣ, ಮೇಲೆ ದೆವ್ವ. ದೇವರಾಜ ಅರಸು ರಸ್ತೇಲಿ ಯಾವನು ಆರು ಸಾವಿರದಲ್ಲಿ ಹೋಗ್ತಾನೆ? ಮೂರು ತಿಂಗಳು ಹಾಫ್ ಕ್ಲಚ್ಚಲ್ಲೇ ಓಡಿಸಿ, ಕೊನೆಗೆ ಬೇರೆ ಬ್ಲಾಕ್ ಹಾಕಿಸ್ದೆ."

"ಅದು ಟೂ ಸ್ಟ್ರೋಕು, ಇದು ರೋಟರಿ. ಎಲ್ಲಿಗೆಲ್ಲಿಯ ಸಂಬಂಧ?"

"ಎರಡಕ್ಕೂ ಕ್ಯಾಮ್ ಶಾಫ್ಟಿಲ್ಲ, ಎರಡೂ ಆಯಿಲ್ ಕುಡೀತವೆ. ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಬಿಡು."

ಮಂಜ ಅಪರೂಪಕ್ಕೆ ಸರಿಯಾಗಿ ಮಾತಾಡಿದ್ದ. ಮಾಮೂಲಿ ಇಂಜಿನ್ನಲ್ಲಿ ಗಾಳಿ-ಪೆಟ್ರೋಲು ಯಾವಾಗ ಒಳಗೆ ಬರಬೇಕು ಅನ್ನೋದನ್ನ ಕ್ಯಾಮ್ ಶಾಫ್ಟ್ ಹೇಳುತ್ತೆ. ಹಿಡಿಸಲಿಲ್ವಾ, ಬಿಚ್ಚಿ ಹಳೇದನ್ನೇ ಹಾಕ್ಕೊಳ್ಳಿ. ರೋಟರಿಯಲ್ಲಿ ಆ ಕೆಲಸ ತೂತಿನದು. ರೋಟರು ತಿರುಗ್ತಾ ಪಕ್ಕದ ಪ್ಲೇಟಿನ ತೂತನ್ನ ಮುಚ್ಚುತ್ತೆ, ತೆರೆಯುತ್ತೆ. ತೂತಿನ ಅಂಚು ಎಲ್ಲಿದೆಯೋ ಅದೇ ಅದರ ಪಂಚಾಂಗ. ಒಂದು ಸಲ ಗ್ರೈಂಡರ್ ಹಿಡಿದ್ರೆ ಮುಗೀತು, ಕೊರೆದ ಕಬ್ಬಿಣಾನ ವಾಪಸ್ ಅಂಟಿಸೋರು ಹುಟ್ಟಿಲ್ಲ.

ಸೀನ ಪ್ಲೇಟಿಗೆ ನೀಲಿ ಬಣ್ಣ ಬಳಿದು, ಮೊಳೆಯಿಂದ ಎರಡು ಗೆರೆ ಗೀರಿದ್ದ. ಮೊದಲನೇದು ಸ್ಟ್ರೀಟ್ ಪೋರ್ಟು: ಇರೋ ತೂತನ್ನೇ ಸುತ್ತ ಒಂದಿಷ್ಟು ಹಿಗ್ಗಿಸೋದು. ಎರಡನೇದು ತೂತಿನ ಆಚೆಗೆ, ಹುಬ್ಬಿನ ಹಾಗೆ ಬಾಗಿದ ಸಣ್ಣ ಸೀಳು. ಎರಡರ ನಡುವೆ ಉಳಿಯೋ ಕಿರಿದಾದ ಕಬ್ಬಿಣದ ಪಟ್ಟಿಯೇ ಬ್ರಿಡ್ಜು. ರೋಟರಿನ ಮೂಲೇಲಿರೋ ಕಾರ್ನರ್ ಸೀಲು, ಅಂಗಿ ಗುಂಡಿಯಷ್ಟಿದೆ, ಆ ಪಟ್ಟಿ ಮೇಲೇ ಹಾದು ಹೋಗ್ಬೇಕು. ಪಟ್ಟಿ ಇಲ್ದಿದ್ರೆ ಗುಂಡಿಗೆ ಆಸರೆಯಿಲ್ಲ, ಸೀಳೊಳಗೆ ಬೀಳುತ್ತೆ. ಆಮೇಲೆ ಇಂಜಿನ್ನು ಮಾಡೋ ಸೌಂಡು ಬ್ರಾಪ್ ಅಲ್ಲ.

"ಸರಿ, ಆ ಬ್ರಾಪ್ ಯಾಕೆ ಬರುತ್ತೆ ಹೇಳು ನೋಡೋಣ," ಅಂದೆ.

"ಪವರ್ರು!"

"ತಲೆ. ಮದುವೆ ಊಟ ನೆನಪಿಸ್ಕೋ. ಮೊದಲನೇ ಪಂಕ್ತಿ ಇನ್ನೂ ಮೊಸರನ್ನದಲ್ಲಿದೆ, ಎರಡನೇ ಪಂಕ್ತಿಯವರು ಕುರ್ಚಿ ಹಿಂದೆ ಬಂದು ನಿಂತಾಯ್ತು. ನಿನ್ನ ಸೀಳು ಬೇಗ ತೆರೆಯುತ್ತೆ, ಸುಟ್ಟ ಹೊಗೆ ಇನ್ನೂ ಆಚೆ ಹೋಗಿರಲ್ಲ. ಹೊಸ ಪೆಟ್ರೋಲಿನ ಜೊತೆ ಎಂಜಲೆಲೆ ಸೇರ್ಕೊಳುತ್ತೆ. ಒಂದು ಸಲ ಹತ್ತುತ್ತೆ, ಇನ್ನೊಂದು ಸಲ ಹತ್ತಲ್ಲ. ಅದಕ್ಕೇ ಬ್ರಾಪ್, ಬ್ರಾಪ್."

"ಸ್ಪೀಡಲ್ಲಿ?"

"ಬಸ್ಸಿಗೆ ಹೊತ್ತಾದ ಬೀಗರ ಥರ ಎಲ್ಲ ಸರಸರ ಎದ್ದು ಹೋಗ್ತಾರೆ. ಆಗ ಸೊಗಸು. ಆದ್ರೆ ನೀನು ಆ ಸ್ಪೀಡಲ್ಲಿ ಎಲ್ಲಿಗೆ ಹೋಗೋನು?"

ಸೀನ ಯೋಚಿಸಿದ. ವಾರಕ್ಕೊಮ್ಮೆ ಮಗಳನ್ನ ಕನ್ನಡ ಶಾಲೆಗೆ ಬಿಡೋದು, ಬರ್ತಾ ಸೋನಾ ಮಸೂರಿ ಮೂಟೆ ತರೋದು. ಸ್ಕೂಲ್ ಝೋನಲ್ಲಿ 40 ಕಿಲೋಮೀಟರ್. ಆ ವೇಗದಲ್ಲಿ ಬ್ರಿಡ್ಜ್ ಪೋರ್ಟಿನ ಕಾರು ಹಗ್ಗ ಕಟ್ಟಿದ ಕರು ಹಾಗೆ ಜಗ್ಗುತ್ತೆ.

"ಮಾಜ್ದಾದ್ದೇ ರೋಟರಿ, 787ಬಿ ಕಾರು, 1991ರಲ್ಲಿ ಲ ಮಾನ್ 24 ಗಂಟೆ ರೇಸು ಗೆಲ್ಲಲಿಲ್ವಾ? ಅದಕ್ಕೆ ಪೆರಿಫೆರಲ್ ಪೋರ್ಟು, ರೋಟರಿನ ಸುತ್ತ ಇರೋ ಹೌಸಿಂಗ್‌ಗೇ ತೂತು!" ಅಂದ ಸೀನ.

"24 ಗಂಟೇಲಿ ಒಂದು ಸಲಾನೂ ಅಕ್ಕಿ ತರೋಕೆ ನಿಲ್ಲಿಸಲಿಲ್ಲ ಅದು," ಅಂದ ಮಂಜ.

"ಸೌಂಡಿಗೆ ಪೊಲೀಸರು ಬೇರೆ," ಅಂದೆ. "1983ರ ನವೆಂಬರಿಗೆ ಮುಂಚಿನ ಕಾರಾದ್ರೆ 96 ಡೆಸಿಬಲ್ ತನಕ ಬಿಡ್ತಾರೆ, ಆಮೇಲಿಂದಾದ್ರೆ 90."

"ಛೇ, ಒಂದು ವರ್ಷ ಮೊದಲೇ ಹುಟ್ಟಬಾರದಿತ್ತಾ!" ಅಂತ ಸೀನ ಕಾರಿನ ಬಾನೆಟ್ ತಟ್ಟಿದ. ಜಾತಕದ ದೋಷ.

"ಹಂಗಾದ್ರೆ ಹಾಫ್ ಬ್ರಿಡ್ಜ್?" ಅಂತ ಗಿಂಜಿದ. ಮಧ್ಯದ ಪ್ಲೇಟಿಗೆ ಸ್ಟ್ರೀಟು, ಅಕ್ಕಪಕ್ಕದವಕ್ಕೆ ಬ್ರಿಡ್ಜು. ಬೈಟು ಕಾಫಿ ಲೆಕ್ಕ. ಒಳ್ಳೇದೇ, ಆದ್ರೆ ಬೈಟು ಕಾಫಿ ಕುಡಿದು ಯಾರಿಗೂ ಹೊಟ್ಟೆ ತುಂಬಿದ್ದು ನಾ ಕಾಣೆ. ಕಾರ್ಬ್ಯುರೇಟರು, ಸೈಲೆನ್ಸರು ಎರಡೂ ಹಳೇವೇ ಇಟ್ಕೊಂಡು ತೂತು ಹಿಗ್ಗಿಸಿ ಏನು ಬಂತು? ಸ್ಟ್ರೀಟಲ್ಲಿ ಓಡೋ ಕಾರಿಗೆ ಸ್ಟ್ರೀಟ್ ಪೋರ್ಟು, ಉಳಿದ ದುಡ್ಡು ಸೈಲೆನ್ಸರಿಗೆ. ನನ್ನ ತೀರ್ಪು ಇಷ್ಟೇ.

ಸೀನ ಹತ್ತು ನಿಮಿಷ ಮಾತಾಡಲಿಲ್ಲ. ಅವಲಕ್ಕಿ ಮುಗಿಸಿ, ಕೈ ಒರೆಸ್ಕೊಂಡು, ಆಚೆ ಗೆರೆ ಮೇಲೆ ಮತ್ತೆ ನೀಲಿ ಬಳಿದು ಮುಚ್ಚಿದ. ಒಳಗಿನ ಗೆರೆ ಮಾತ್ರ ಉಳೀತು.

"ಸರಿ, ಇದಕ್ಕೆ ಸ್ಟ್ರೀಟ್ ಪೋರ್ಟು," ಅಂದ.

"ಇದಕ್ಕೆ ಅಂದ್ರೆ?"

"ಜೀಲಾಂಗಲ್ಲಿ ಇನ್ನೊಂದು ಸೆಟ್ ಪ್ಲೇಟು ನೋಡಿಟ್ಟಿದೀನಿ. ಅದನ್ನ ಹೆಂಗೆ ಬೇಕಾದ್ರೂ ಕೊರೀಬಹುದಲ್ಲ?"

ಮಂಜ ಹಣೆ ಚಚ್ಚಿಕೊಂಡ.

"ನಿನ್ನ ಡಿಕ್ಕೀಲಿ ಹಿಡಿಯುತ್ತಾ," ಅಂದೆ ನಾನು, "ಇಲ್ಲಾ ನನ್ನ ಕಾರು ತರ್ಲಾ?"