ಹೈಸ್ಕೂಲ್ ಮಕ್ಕಳ ಜೊತೆ ಆತ್ಮಹತ್ಯೆ ತಡೆಯುವ ಬಗ್ಗೆ ಮಾತಾಡಬೇಕು, ಹೇಗೆ ತಯಾರಾಗಲಿ?

ಬೆಟಗೇರಿ_ಓದುಗಿ:

ಎಲ್ಲರಿಗೂ ನಮಸ್ಕಾರ. ನಾನು ಗದಗದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಾವು ಕೆಲವರು ಸೇರಿ ಹೈಸ್ಕೂಲ್‌ಗಳಿಗೆ ಹೋಗಿ ಆತ್ಮಹತ್ಯೆ ತಡೆಯುವ ಬಗ್ಗೆ ಮಕ್ಕಳ ಜೊತೆ ಮಾತಾಡೋಣ ಅಂತ ಹೊರಟಿದ್ದೇವೆ. ಮೊದಲ ಶಾಲೆ ಮುಂಡರಗಿ ಕಡೆಯದು. ಹೆಡ್‌ಮಾಸ್ತರು ಒಳ್ಳೆಯವರು, ಕೂಡಲೇ ಒಪ್ಪಿದರು. ಆದರೆ ಹೀಗೆ ಹೇಳಿದರು: "ಪ್ರಾರ್ಥನಾ ಮುಗದ ಮ್ಯಾಲೆ ಎಲ್ಲಾರನ್ನೂ ಕೂಡ್ರಸ್ತೀವಿ, ಅರ್ಧ ತಾಸಿನ್ಯಾಗ ಮುಗಸ್ರಿ. ಆ ಶಬ್ದ ಮಾತ್ರ ತಗೀಬ್ಯಾಡ್ರಿ, ಇಲ್ಲದ್ದು ಹುಡುಗರ ತಲ್ಯಾಗ ತುಂಬಿದಂಗ ಆಕ್ಕೈತಿ."

ಹೆಸರೇ ಎತ್ತದೆ ಹೇಗೆ ಮಾತಾಡುವುದು? ಅವರು ಹೇಳಿದ್ದು ನಿಜವೇ? ಇನ್ನೊಂದು ಭಯ ಇದೆ. ಮಾತು ಮುಗಿದ ಮೇಲೆ ಒಂದು ಮಗು ಬಂದು "ನನಗೂ ಹಂಗ ಅನಸ್ತೈತ್ರಿ" ಅಂದರೆ ಏನು ಮಾಡಲಿ? ನಾನು ಡಾಕ್ಟರ್ ಅಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಸಾಧನಕೇರಿ_ಸಿಸ್ಟರ್:

ತಂಗಿ, ನಾನು ಧಾರವಾಡದವಳು. ನರ್ಸ್ ಆಗಿ ನಿವೃತ್ತಿಯಾದ ಮೇಲೆ ಇದೇ ಕೆಲಸಕ್ಕೆ ಶಾಲೆಗಳಿಗೆ ಹೋಗುತ್ತಿದ್ದೇನೆ.

ಹೆಡ್‌ಮಾಸ್ತರರ ಭಯ ಬಹಳ ಜನರಿಗಿದೆ. ಆದರೆ "ಸಾಯಬೇಕು ಅನ್ನಿಸುತ್ತಾ?" ಅಂತ ನೇರವಾಗಿ ಕೇಳಿದ್ದರಿಂದ ಯಾರಿಗೂ ಹೊಸದಾಗಿ ಆ ವಿಚಾರ ಹುಟ್ಟುವುದಿಲ್ಲ. ಇದನ್ನು ಸಂಶೋಧಕರು ಮತ್ತೆ ಮತ್ತೆ ನೋಡಿದ್ದಾರೆ. ಎಷ್ಟೋ ಸಲ ಕೇಳಿಸಿಕೊಂಡವರಿಗೆ ಹಗುರವಾಗುತ್ತದೆ. ಕೆಡುಕು ಬೇರೆ ಕಡೆ ಇದೆ. ಯಾರು, ಹೇಗೆ ಸತ್ತರು ಅಂತ ವಿವರಿಸುವುದು, ಸತ್ತವರ ಫೋಟೊ ತೋರಿಸುವುದು, "ನಪಾಸಾದ, ಅದಕ್ಕೇ ಹೋದ" ಅಂತ ಒಂದೇ ಕಾರಣ ಕಟ್ಟುವುದು. ಇವನ್ನು ಪೂರ್ತಿ ಬಿಡಿ. ಶಬ್ದ ಬಳಸಿ.

ಪ್ರಾರ್ಥನೆಯ ಬಯಲಲ್ಲಿ ಮಾತ್ರ ಬೇಡ. ಒಂದು ತರಗತಿ ಸಾಕು, ಒಂಬತ್ತನೆಯದು ಒಳ್ಳೆಯದು, ಎರಡು ಪೀರಿಯಡ್ ಕೇಳಿ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ 11 ಸಾವಿರಕ್ಕೂ ಜಾಸ್ತಿ ಮಕ್ಕಳ ಜೊತೆ ಒಂದು ದೊಡ್ಡ ಅಧ್ಯಯನ ನಡೆಯಿತು. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ಕಡೆ ಶಿಕ್ಷಕರಿಗೆ ತರಬೇತಿ ಕೊಟ್ಟರು. ಇನ್ನೊಂದು ಕಡೆ ಮಕ್ಕಳನ್ನು ತಪಾಸಣೆ ಮಾಡಿ ತಜ್ಞರ ಹತ್ತಿರ ಕಳಿಸಿದರು. ಮತ್ತೊಂದು ಕಡೆ ಮಕ್ಕಳೇ ಚರ್ಚೆ ಮಾಡಿ, ಪಾತ್ರ ಹಾಕಿ ಅಭಿನಯಿಸಿ ಕಲಿತರು. ಒಂದು ವರ್ಷ ಬಿಟ್ಟು ನೋಡಿದಾಗ, ಮಕ್ಕಳೇ ಕಲಿತ ಕಡೆ ಆತ್ಮಹತ್ಯೆಯ ಪ್ರಯತ್ನಗಳು ಅರ್ಧದಷ್ಟು ಕಡಿಮೆ ಇದ್ದವು. ಉಳಿದ ಎರಡರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ "ಜೀವನ ಅಮೂಲ್ಯ" ಅನ್ನುವ ಭಾಷಣ ಬಿಟ್ಟು ಮಕ್ಕಳ ಬಾಯಿ ಬಿಡಿಸಿ.

ನಾನು ಒಂದು ಸನ್ನಿವೇಶ ಕೊಡುತ್ತೇನೆ. ಗೆಳತಿ ಬಂದು "ನನಗ ಸಾಕಾಗೇತಿ, ಯಾರಿಗೂ ಹೇಳಬ್ಯಾಡ, ಎಲ್ಲಮ್ಮನ ಆಣಿ ಮಾಡು" ಅನ್ನುತ್ತಾಳೆ. ಆಗ ನೀನೇನು ಮಾಡ್ತಿ? ನಮ್ಮ ಕಡೆ ಮಕ್ಕಳಿಗೆ ಆಣೆ ಅಂದರೆ ಸಣ್ಣ ಮಾತಲ್ಲ. ಅಲ್ಲಿಯೇ ತರಗತಿ ಎರಡು ಪಾಲಾಗುತ್ತದೆ. ಜಗಳ ಆಗಲಿ, ಬಿಡಿ. ನರಗುಂದ ಕಡೆಯ ಶಾಲೆಯಲ್ಲಿ ಒಬ್ಬಳು ಎದ್ದು ನಿಂತು ಹೇಳಿದಳು: "ಆಣಿ ಮುರದ್ರ ಎಲ್ಲಮ್ಮ ನನಗ ಏನರೆ ಮಾಡ್ಲಿ, ಅಕಿ ಇರಬೇಕು." ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಮಕ್ಕಳು ತಮ್ಮ ಸಂಕಟವನ್ನು ಮೊದಲು ಹೇಳುವುದು ಗೆಳೆಯರಿಗೇ. ಆ ಗೆಳೆಯ ಅದೇ ದಿನ ಒಬ್ಬ ದೊಡ್ಡವರಿಗೆ ಮುಟ್ಟಿಸಬೇಕು. ಇಷ್ಟು ಕಲಿಸಿ ಬಂದರೆ ನಿಮ್ಮ ಕೆಲಸ ಆಯಿತು.

ಆದರೆ ಆ ದೊಡ್ಡವರು ಯಾರು? ನೀವು ಸಂಜೆ ಬಸ್ಸು ಹತ್ತಿ ಗದಗಕ್ಕೆ ಬರುತ್ತೀರಿ, ಮಗು ಅಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದು. ಒಂದು ವಾರ ಮೊದಲೇ ಹೋಗಿ ಶಾಲೆಯಲ್ಲಿ ಇಬ್ಬರನ್ನು ಗುರುತಿಸಿ. ನಾನು ಮಕ್ಕಳಿಗೆ ಚೀಟಿ ಕೊಟ್ಟು, "ಕಷ್ಟ ಬಂದರೆ ಇಲ್ಲಿ ಯಾರ ಹತ್ತಿರ ಹೋಗ್ತೀರಿ?" ಅಂತ ಬರೆಸುತ್ತೇನೆ. ಒಂದು ಶಾಲೆಯಲ್ಲಿ ಹೆಚ್ಚು ಚೀಟಿಗಳಲ್ಲಿ ಇದ್ದದ್ದು ಬಿಸಿಯೂಟದ ಅಡುಗೆ ಅಕ್ಕ. ಅಲ್ಲಿ ತರಬೇತಿ ಮೊದಲು ಆಕೆಗೇ ಬೇಕಿತ್ತು. ಬೈಯದೆ ಕೇಳುವುದು, ಮಗುವನ್ನು ಒಂಟಿಯಾಗಿ ಬಿಡದಿರುವುದು, ಯಾರಿಗೂ ಹೇಳಲ್ಲ ಅಂತ ಮಾತು ಕೊಡದಿರುವುದು, ಅಂದೇ ಹೆಡ್‌ಮಾಸ್ತರರಿಗೂ ಮನೆಯವರಿಗೂ ತಿಳಿಸುವುದು. ಮನೆಯಲ್ಲೇ ಮಗುವಿಗೆ ಹೊಡೆತ, ಹಿಂಸೆ ಇದ್ದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ನಿಮ್ಮ ಹತ್ತಿರ ಮಗು ಬಂದರೂ ಇಷ್ಟೇ. ಡಾಕ್ಟರ್ ಆಗಬೇಕಿಲ್ಲ.

ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರು 14416. 2022ರ ಅಕ್ಟೋಬರಿನಿಂದ ಇದೆ, ಪುಕ್ಕಟೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಕೈಯಲ್ಲಿ ಫೋನ್ ಇರುವುದಿಲ್ಲ ಅಲ್ವಾ, ಆದ್ದರಿಂದ ಸ್ಟಾಫ್ ರೂಮಿನಿಂದ ಯಾರು ಹಚ್ಚಿಕೊಡುತ್ತಾರೆ ಅಂತಲೂ ಮೊದಲೇ ಗೊತ್ತು ಮಾಡಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಮುಂಡರಗಿಗೆ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಇಲ್ಲಿ ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ.

ಹಾವೇರಿ_ಮಾಸ್ತರ:

ಸಿಸ್ಟರ್ ಎಲ್ಲ ಹೇಳಿದ್ದಾರೆ. ದಿನಾಂಕದ ಬಗ್ಗೆ ಒಂದು ಮಾತು. ಎಲ್ಲರೂ ಸೆಪ್ಟೆಂಬರ್ 10ಕ್ಕೆ, ಆತ್ಮಹತ್ಯೆ ತಡೆ ದಿನ ಅಂತ ಬರುತ್ತಾರೆ, ಒಂದು ಬ್ಯಾನರ್, ಒಂದು ಫೋಟೊ, ಹೋಗುತ್ತಾರೆ. ನಮಗೆ ಎದೆ ಹೊಡೆದುಕೊಳ್ಳುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ. ಆಗ ಶಾಲೆಗೆ ರಜೆ, ಮಗು ಮನೆಯಲ್ಲಿ ಒಂಟಿ. ಪರೀಕ್ಷೆಗೆ ಮೊದಲೇ ಹತ್ತನೆಯವರ ಹತ್ತಿರ ಇನ್ನೊಂದು ಸಲ ಹೋಗಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದರಲ್ಲಿ ಹೋದರೆ ಮತ್ತೆ ಕೂಡಬಹುದು. ಮಕ್ಕಳಿಗೆ ಇದು ಗೊತ್ತು, ಎಷ್ಟೋ ತಂದೆ ತಾಯಿಗೆ ಗೊತ್ತಿಲ್ಲ. ಪಾಲಕರ ಸಭೆಯಲ್ಲಿ ಹೇಳಿ. ಬೆಳೆಗೆ ಹೊಡೆಯುವ ಔಷಧಿ ಮನೆಯೊಳಗೆ ಇಡಬೇಡಿ, ಬೀಗ ಹಾಕಿ ಬೇರೆ ಕಡೆ ಇಡಿ ಅಂತಲೂ ಅದೇ ಸಭೆಯಲ್ಲಿ ಹೇಳಿ. ನಮ್ಮ ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಸಭೆ ಇಟ್ಟರೆ ಯಾರೂ ಬರುವುದಿಲ್ಲ, ನಿಮ್ಮ ಕಡೆಯ ಸುಗ್ಗಿ ನೋಡಿಕೊಂಡು ಇಡಿ. ಬಿಇಒ ಕಚೇರಿಯಿಂದ ಅನುಮತಿ ಪತ್ರ ತೆಗೆದುಕೊಳ್ಳಿ, ಹೆಡ್‌ಮಾಸ್ತರರಿಗೂ ಧೈರ್ಯ ಬರುತ್ತದೆ.

ಉಣಕಲ್_ಹುಡುಗಿ:

ನಾನು ಹುಬ್ಬಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಸಿಸ್ಟರ್, ಚೀಟಿ ವಿಷಯದಲ್ಲಿ ನನ್ನದು ಬೇರೆ ಮಾತು. ನಮ್ಮ ಶಾಲೆಯಲ್ಲೂ ಹೀಗೆ ಬರೆಸಿದ್ದರು. ಅಕ್ಷರ ನೋಡಿ ಅಕ್ಕೋರು ಗುರುತು ಹಿಡಿಯುತ್ತಾರೆ ಅಂತ ಹೆದರಿ ಅರ್ಧ ಜನ ಸುಮ್ನೆ "ಅಮ್ಮ" ಅಂತ ಬರೆದೆವು. ಹೊರಗಿನವರೇ ಚೀಟಿ ತೆಗೆದುಕೊಂಡು ಹೋಗಬೇಕು, ಅದನ್ನು ಮೊದಲೇ ಬಾಯಿ ಬಿಟ್ಟು ಹೇಳಬೇಕು.

ಸಾಧನಕೇರಿ_ಸಿಸ್ಟರ್:

ಸರಿಯಾದ ಮಾತು ಮಗಳೇ. ಶಿಕ್ಷಕರನ್ನು ಆ ಹೊತ್ತು ಹೊರಗೆ ಕೂರಲು ಕೇಳಿ. ಚೀಟಿಯನ್ನು ನೀವೇ ಒಯ್ಯಿರಿ. ಯಾರಾದರೂ ಅದರಲ್ಲಿ ತಮ್ಮ ಕಷ್ಟ ಬರೆದಿದ್ದರೆ ಊರು ಬಿಡುವ ಮೊದಲು ಓದಬೇಕು, ಅದಕ್ಕೂ ಸಮಯ ಇಟ್ಟುಕೊಳ್ಳಿ.

ಬೆಟಗೇರಿ_ಓದುಗಿ:

ಎಲ್ಲರಿಗೂ ಶರಣು. ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಸಿಸ್ಟರ್ ಬರೆದದ್ದನ್ನೇ ಓದಿ ಹೇಳಿದೆ. ಒಂಬತ್ತನೆಯವರಿಗೆ ಎರಡು ಪೀರಿಯಡ್ ಕೊಟ್ಟಿದ್ದಾರೆ, ಶಬ್ದ ಬಳಸಲೂ ಒಪ್ಪಿದ್ದಾರೆ. ಮುಂದಿನ ವಾರ ಮೊದಲು ಶಿಕ್ಷಕರನ್ನೂ ಅಡುಗೆಯವರನ್ನೂ ಕಂಡು ಬರುತ್ತೇನೆ. ನಮ್ಮ ತಂಡದಲ್ಲಿ ಎಲ್ಲರೂ ಹೆಣ್ಣುಮಕ್ಕಳೇ. ಗಂಡುಹುಡುಗರ ಜೊತೆ ಕೂತು ಮಾತಾಡಲು ಗದಗ, ಮುಂಡರಗಿ ಕಡೆಯ ಅಣ್ಣಂದಿರು ಯಾರಾದರೂ ಬರುವುದಾದರೆ ಇಲ್ಲೇ ತಿಳಿಸಿ.